ಮನೆ ಮುಂದಿನ ರಸ್ತೆಯ ಲೆಕ್ಕ

ಬೆಂಗಳೂರಿನಲ್ಲೊಂದು ಸೈಟು ಮಾಡಿಟ್ಟುಕೊಂಡು ಪುಣೆಯಲ್ಲೋ ಚೆನ್ನೈಯಲ್ಲೋ ಕೆಲಸ ಮಾಡುತ್ತಿರುವವರಿಗೆ ‘ಬೆಟರ್‌ಮೆಂಟ್ ಚಾರ್ಜ್’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಖಾತೆ ಮಾಡಿಸಲು ಹೋದಾಗ, ಸೈಟು ಮಾರಲು ಹೊರಟಾಗ, ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಬೆಟರ್‌ಮೆಂಟ್ ಕಟ್ಟಿದೀರಾ?’ ಏನು ಬೆಟರ್ ಆಯಿತು, ಯಾರಿಗೆ ಆಯಿತು, ಎಷ್ಟು ಆಯಿತು ಎಂದು ತಿರುಗಿ ಕೇಳುವವರು ಕಡಿಮೆ. ಈ ಶುಲ್ಕ ಹುಟ್ಟಿದ್ದೇ ಆ ಮೂರು ಪ್ರಶ್ನೆಗಳಿಂದ. ಹುಟ್ಟಿದ ಮೇಲೆ ಮಾತ್ರ ಹೋದ ಕಡೆಯೆಲ್ಲ ಆ ಪ್ರಶ್ನೆಗಳನ್ನು ತಪ್ಪಿಸಿಕೊಂಡೇ ಓಡಾಡಿದೆ. ಅದರ ಚರಿತ್ರೆ ಲಂಡನ್, ನ್ಯೂಯಾರ್ಕ್, ಷಿಕಾಗೊ, ಮುಂಬೈಗಳಲ್ಲಿ ಹರಡಿಕೊಂಡಿದೆ. ಆದರೆ ಇಡೀ ಜಗಳ ಒಂದೇ ಚಿತ್ರದಲ್ಲಿ ಸಿಗುವುದು ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಅಲ್ಲಿಂದಲೇ ಶುರು ಮಾಡೋಣ.

ಒಹಾಯೊ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಅಂಟಿಕೊಂಡಿರುವ ಊರು ನಾರ್ವುಡ್. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಅಲ್ಲಿನ ಆಡಳಿತ ಐವನ್‌ಹೋ ಅವೆನ್ಯೂ ಎಂಬ ರಸ್ತೆಯನ್ನು ಮುಂದುವರಿಸಲು ತೀರ್ಮಾನಿಸಿತು. ಮುಂದೆ ಇದ್ದದ್ದು ಎಲೆನ್ ಬೇಕರ್ ಎಂಬಾಕೆಯ ಜಮೀನು. ರಸ್ತೆ ಅದರ ನಡುವೆಯೇ ಸೀಳಿಕೊಂಡು ಹೋಗಬೇಕು. ಕಾನೂನಿನ ಪ್ರಕಾರ ಜ್ಯೂರಿ ಕೂತು ಆ ಪಟ್ಟಿಗೆ 2,000 ಡಾಲರ್ ಪರಿಹಾರ ನಿಗದಿ ಮಾಡಿತು. ಊರು ಹಣ ಕೊಟ್ಟು ಜಾಗ ತೆಗೆದುಕೊಂಡಿತು. ಇಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಊರು ಇನ್ನೊಂದು ಠರಾವು ಮಾಡಿತು: ರಸ್ತೆಗೆ ಜಾಗ ಕೊಳ್ಳಲು ತಗುಲಿದ ಖರ್ಚನ್ನೆಲ್ಲ ರಸ್ತೆಯ ಅಂಚಿನಲ್ಲಿರುವ ಆಸ್ತಿಗಳ ಮೇಲೆ, ಮುಖದ ಅಡಿಗೆ ಇಷ್ಟು ಎಂದು ಹಂಚಬೇಕು. ಅಂಚಿನಲ್ಲಿದ್ದ ಆಸ್ತಿ ಯಾರದು? ಎರಡೂ ಬದಿಯಲ್ಲಿ ಬೇಕರ್ ಅವರದೇ. ಆಕೆಗೆ ಕೊಟ್ಟ 2,000 ಡಾಲರ್, ಜೊತೆಗೆ ಅದನ್ನು ಆಕೆಯಿಂದ ಕಿತ್ತುಕೊಳ್ಳಲು ನಡೆಸಿದ ವ್ಯವಹಾರದ ಖರ್ಚು 218 ಡಾಲರ್ 58 ಸೆಂಟ್, ಒಟ್ಟು 2,218 ಡಾಲರ್ 58 ಸೆಂಟಿನ ಬಿಲ್ಲು ಆಕೆಯ ಬಾಗಿಲಿಗೆ ಬಂತು. ಜಾಗವೂ ಹೋಯಿತು, ಬಂದ ಪರಿಹಾರವೂ ಹೋಯಿತು, ಮೇಲೆ ಕೈಯಿಂದ ಇನ್ನೂರು ಚಿಲ್ಲರೆ ಡಾಲರ್.

ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1898ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಹಾರ್ಲನ್ ಬಹುಮತದ ತೀರ್ಪು ಬರೆದರು. ರಸ್ತೆಯಿಂದ ಒಂದು ಆಸ್ತಿಗೆ ಎಷ್ಟು ವಿಶೇಷ ಲಾಭವಾಗಿದೆಯೋ ಅದಕ್ಕಿಂತ ಗಣನೀಯವಾಗಿ ಹೆಚ್ಚು ವಸೂಲಿ ಮಾಡಿದರೆ, ಆ ಹೆಚ್ಚುವರಿಯು ತೆರಿಗೆಯಲ್ಲ, ಪರಿಹಾರ ಕೊಡದೆ ಆಸ್ತಿ ಕಿತ್ತುಕೊಂಡ ಹಾಗೆ ಎಂಬುದು ಅದರ ಸಾರ. ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ.

ಈ ಕಥೆ ಕೇಳಿದ ಯಾರಿಗಾದರೂ ಊರಿನವರು ಕಳ್ಳರು ಅನ್ನಿಸುತ್ತದೆ. ಆದರೆ ಒಂದು ನಿಮಿಷ ಅವರ ಕಡೆ ನಿಂತು ನೋಡಬೇಕು. ರಸ್ತೆಯಿಲ್ಲದ ಹೊಲವಾಗಿದ್ದ ಬೇಕರ್ ಅವರ ಜಮೀನಿಗೆ ಈಗ ಎರಡು ಕಡೆ ರಸ್ತೆಯ ಮುಖ ಬಂದಿದೆ. ಅದನ್ನು ಸೈಟು ಮಾಡಿ ಮಾರಬಹುದು. ಹೋದ ಪಟ್ಟಿಯ ಬೆಲೆಗಿಂತ ಉಳಿದ ನೆಲದ ಬೆಲೆ ಹೆಚ್ಚು ಏರಿದ್ದರೂ ಏರಿರಬಹುದು. ಹಾಗಿದ್ದರೆ ಬಿಲ್ಲು ನ್ಯಾಯವೇ. ಊರಿನ ತಪ್ಪು ಇದ್ದದ್ದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತೆಗೆದುಕೊಂಡದ್ದರಲ್ಲಿ ಅಲ್ಲ. ಲಾಭ ಎಷ್ಟಾಯಿತು ಎಂದು ಯಾರೂ ಅಳೆಯಲೇ ಇಲ್ಲ ಎಂಬುದರಲ್ಲಿ. ಅವರು ಅಳೆದದ್ದು ಖರ್ಚನ್ನು; ಅದನ್ನು ಅಡಿಗಳಿಂದ ಭಾಗಿಸಿದರು, ಅಷ್ಟೆ. ಖರ್ಚನ್ನು ಹಂಚುವುದು ಬೇರೆ, ಲಾಭವನ್ನು ಅಳೆಯುವುದು ಬೇರೆ. ಈ ಶುಲ್ಕದ ಮುನ್ನೂರೈವತ್ತು ವರ್ಷಗಳ ಚರಿತ್ರೆಯೆಲ್ಲ ಈ ಎರಡರ ನಡುವಿನ ಎಳೆದಾಟ.

ಮೊದಲು ಬಂದದ್ದು ಲಾಭವನ್ನು ಅಳೆಯುವ ಆಸೆಯೇ. 1666ರಲ್ಲಿ ಲಂಡನ್ ಸುಟ್ಟು ಬೂದಿಯಾಯಿತು. ಊರನ್ನು ಮತ್ತೆ ಕಟ್ಟುವಾಗ ಬೀದಿಗಳನ್ನು ಅಗಲ ಮಾಡಬೇಕಿತ್ತು. ಅಗಲವಾದ ಬೀದಿಗೆ ಮುಖ ಮಾಡಿದ ಮನೆಗಳಿಗೆ ಬೆಲೆ ಬರುತ್ತದೆ ಎಂಬುದು ಯಾರಿಗೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ. ಮರುನಿರ್ಮಾಣಕ್ಕೆಂದು 1667ರಲ್ಲಿ ಮಾಡಿದ ಕಾನೂನು, ಜ್ಯೂರಿ ಕೂಡಿಸಿ ಅಂಥ ಮಾಲೀಕರಿಗೆ ಆದ ಮೇಲ್ಮೆಯನ್ನು ನಿರ್ಣಯಿಸಿ ಹಣ ಪಡೆಯಲು ಅವಕಾಶ ಕೊಟ್ಟಿತು. ಅದಕ್ಕೂ ಎರಡು ಶತಮಾನ ಹಿಂದೆಯೇ, ಸಮುದ್ರದ ತಡೆಗೋಡೆಯ ದುರಸ್ತಿಗೆ ಅದರ ಆಸರೆಯಲ್ಲಿರುವ ಹೊಲದವರೇ ಪಾಲು ಕೊಡಬೇಕು ಎಂಬ ಪದ್ಧತಿ ಇಂಗ್ಲೆಂಡಿನಲ್ಲಿತ್ತು. ಕೆರೆ ಹೂಳೆತ್ತಲು ಅಚ್ಚುಕಟ್ಟಿನವರೇ ಆಳು ಕೊಡಬೇಕು ಎಂಬ ನಮ್ಮ ಹಳ್ಳಿಗಳ ರೂಢಿಗೂ ಇದಕ್ಕೂ ದೂರವಿಲ್ಲ. ಲಂಡನ್ನಿನ ಆಲೋಚನೆ 1691ರ ಹೊತ್ತಿಗೆ ನ್ಯೂಯಾರ್ಕ್ ವಸಾಹತಿನ ಕಾನೂನು ಪುಸ್ತಕ ಸೇರಿತು. ತಮಾಷೆಯೆಂದರೆ ಇಂಗ್ಲೆಂಡ್ ತಾನೇ ಅದನ್ನು ಮರೆತುಬಿಟ್ಟಿತು. 1890ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಅದನ್ನು ಮತ್ತೆ ತರಲು ಹೊರಟಾಗ ಪಾರ್ಲಿಮೆಂಟಿನಲ್ಲಿ ಅದೇನೋ ಅಮೆರಿಕದ ಹೊಸ ವಿಚಿತ್ರ ಎಂಬಂತೆ ವಾದ ನಡೆಯಿತು.

ಅಮೆರಿಕದಲ್ಲಿ ಮಾತ್ರ ಅದು ಹಬ್ಬಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ನೋಡಿ. ಅದಕ್ಕೆ ಬೇಕಾದ ನೆಲ ಕೊಳ್ಳಲು ತಗುಲಿದ್ದು ಸುಮಾರು 50 ಲಕ್ಷ ಡಾಲರ್. ಅದರಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲನ್ನು ಪಾರ್ಕಿನ ಸುತ್ತಲಿನ ಆಸ್ತಿಗಳ ಮೇಲೆ ಹಾಕಿದರು. ಪಾರ್ಕ್ ಬಂದರೆ ತಮ್ಮ ನೆಲಕ್ಕೆ ಏನಾಗುತ್ತದೆ ಎಂಬುದು ಅಲ್ಲಿನ ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು. ಲೆಕ್ಕ ಅಂಚಿನವರಿಗೆ ಒಳ್ಳೆಯದೇ ಆಯಿತು. ನಡುವಿನವರಿಗೆ ಅಲ್ಲ: ಪಾರ್ಕಿನೊಳಗೆ ಸೇರಿದ ಜಾಗದಲ್ಲಿ ಸೆನೆಕಾ ವಿಲೇಜ್ ಎಂಬ ಊರಿತ್ತು, 1825ರಿಂದ ಕಪ್ಪು ಜನರು ಸ್ವಂತ ನೆಲ ಕೊಂಡು ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದ ಊರು. 1857ರ ಹೊತ್ತಿಗೆ ಅದು ಖಾಲಿಯಾಗಿತ್ತು. ಸುಧಾರಣೆಯ ಲಾಭ ಅಳೆಯುವವರು ಯಾವಾಗಲೂ ಉಳಿದುಕೊಂಡ ನೆಲದ ಲಾಭವನ್ನು ಅಳೆಯುತ್ತಾರೆ.

ಈ ಪದ್ಧತಿಯನ್ನು ಕೊನೆಯ ಹನಿಯವರೆಗೂ ಹಿಂಡಿದ್ದು ಷಿಕಾಗೊ. ಆ ಊರು ನಿಂತಿದ್ದೇ ಜೌಗಿನ ಮೇಲೆ. ಮಳೆ ಬಂದರೆ ಗಾಡಿಯ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತಿತ್ತು. ಹತ್ತೊಂಬತ್ತನೇ ಶತಮಾನದ ನಡುವೆ ಅಲ್ಲಿ ರಸ್ತೆ ಮಾಡುತ್ತಿದ್ದ ರೀತಿಯನ್ನು ಇತಿಹಾಸಕಾರ್ತಿ ರಾಬಿನ್ ಐನ್‌ಹಾರ್ನ್ ವಿವರವಾಗಿ ಬರೆದಿದ್ದಾರೆ. ಊರಿನ ಸಾಮಾನ್ಯ ಬೊಕ್ಕಸದಿಂದ ಬೀದಿಗೆ ಹಣವಿಲ್ಲ. ಒಂದು ಬೀದಿಯ ಮಾಲೀಕರಿಗೆ ಮರದ ದಿಮ್ಮಿಯ ಹಾಸು ಬೇಕೆನಿಸಿದರೆ ಅವರೇ ಅರ್ಜಿ ಹಾಕಬೇಕು. ಆಗ ನಗರ ಕೆಲಸ ಮಾಡಿಸಿ ಖರ್ಚನ್ನು ಅವರ ಮೇಲೆ ಹಾಕುತ್ತದೆ. ಬೇಡವೆನ್ನುವವರ ಬೀದಿಗೆ ಯಾರೂ ಕೈ ಹಾಕುವುದಿಲ್ಲ.

ಕೇಳಲು ಎಷ್ಟು ಚೊಕ್ಕ! ಬೇಕಾದವನು ಕೊಡುತ್ತಾನೆ, ಬೇಡವಾದವನು ಬಿಡುತ್ತಾನೆ. ಪಕ್ಕದ ಬೀದಿಯ ಸುಖಕ್ಕೆ ನಾನು ತೆರಿಗೆ ಕಟ್ಟಬೇಕಿಲ್ಲ. ರಾಜಕಾರಣಿಗೆ ಹಂಚಲು ಹಣವೇ ಇಲ್ಲದ್ದರಿಂದ ತಿನ್ನಲೂ ಆಗುವುದಿಲ್ಲ ಎಂಬ ವಾದವೂ ಇತ್ತು. ಆದರೆ ಅರ್ಜಿಗೆ ಬಹುಮತ ಬೇಕಲ್ಲ, ಆ ಬಹುಮತವನ್ನು ಎಣಿಸುತ್ತಿದ್ದುದು ತಲೆಗಳಲ್ಲಿ ಅಲ್ಲ, ರಸ್ತೆಗೆ ಮುಖವಿರುವ ಅಡಿಗಳಲ್ಲಿ. ಇನ್ನೂರು ಅಡಿ ಖಾಲಿ ಜಾಗ ಇಟ್ಟುಕೊಂಡು ಬೇರೆ ಊರಿನಲ್ಲಿ ಕೂತವನ ಮಾತು, ಇಪ್ಪತ್ತೈದು ಅಡಿಯ ಮನೆಯಲ್ಲಿ ಹತ್ತು ಜನ ಬದುಕುವವನ ಮಾತಿಗಿಂತ ಎಂಟು ಪಟ್ಟು ಭಾರ. ಬಾಡಿಗೆಯವರು ಲೆಕ್ಕಕ್ಕೇ ಇಲ್ಲ. ಹೀಗಾಗಿ ಶ್ರೀಮಂತರ ಬೀದಿಗಳಿಗೆ ಹಾಸು, ದೀಪ, ಕಾಲುದಾರಿ. ಕೂಲಿಕಾರರ ಬೀದಿಗಳಲ್ಲಿ ಕೆಸರು. ಇದು ಯಾರೋ ಮಾಡಿದ ಮೋಸವಲ್ಲ. ಪದ್ಧತಿ ಸರಿಯಾಗಿ ಕೆಲಸ ಮಾಡಿದರೆ ಆಗುವುದೇ ಹೀಗೆ.

ನ್ಯಾಯಾಲಯ ನಡುವೆ ಒಮ್ಮೆ ತಡೆಯಿತು. 1864ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್, ಬರೀ ಅಡಿಯ ಲೆಕ್ಕದಲ್ಲಿ ಹಂಚುವಂತಿಲ್ಲ, ಪ್ರತಿ ಆಸ್ತಿಗೆ ಆದ ಲಾಭ ನೋಡಬೇಕು ಎಂದಿತು. ಆರು ವರ್ಷಗಳ ನಂತರ, 1870ರಲ್ಲಿ, ರಾಜ್ಯದ ಹೊಸ ಸಂವಿಧಾನ ಬಂತು. ಅದರಲ್ಲಿ ಲಾಭದ ಲೆಕ್ಕದ ಶುಲ್ಕದ ಪಕ್ಕದಲ್ಲೇ ‘ಹೊಂದಿಕೊಂಡಿರುವ ಆಸ್ತಿಗಳ ಮೇಲೆ ವಿಶೇಷ ತೆರಿಗೆ’ ಎಂಬ ಇನ್ನೊಂದು ಬಾಗಿಲನ್ನೂ ಇಟ್ಟರು. ಅಳೆಯಲು ಹೇಳಿದರೆ ಅಳತೆ ಬೇಡದ ಇನ್ನೊಂದು ಹೆಸರು ಹುಡುಕಿದರು.

ಅಡಿಯ ಲೆಕ್ಕಕ್ಕೆ ಇಷ್ಟೊಂದು ಮೋಹ ಯಾಕೆ? ಸುಲಭ, ಅದಕ್ಕೆ. ಟೇಪು ಹಿಡಿದರೆ ಮುಗಿಯಿತು, ವಾದಕ್ಕೆ ಜಾಗವಿಲ್ಲ. ಆದರೆ ಟೇಪಿಗೆ ಮೂಲೆ ಸೈಟು ಅರ್ಥವಾಗುವುದಿಲ್ಲ. ಎರಡು ರಸ್ತೆಗೂ ಅವನೇ ಪೂರ್ತಿ ಕಟ್ಟಬೇಕು. ಆಳವಾದ ಸೈಟಿಗೂ ಇಪ್ಪತ್ತಡಿ ಆಳದ ತುಂಡಿಗೂ ಒಂದೇ ದರ. ತ್ರಿಕೋನದ ಸೈಟಿನವನ ಗತಿಯಂತೂ ಕೇಳುವುದೇ ಬೇಡ. ಮೂಲೆ ಸೈಟಿನ ವಿಷಯದಲ್ಲಿ ನಮ್ಮ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೆಚ್ಚು ಜಾಣತನ ತೋರಿಸಿದೆ ಎನ್ನಬೇಕು: ಅವನ್ನು ಎತ್ತಿಟ್ಟುಕೊಂಡು ಹರಾಜು ಹಾಕುತ್ತದೆ. ಲಾಭ ಎಷ್ಟೆಂದು ಕೊಳ್ಳುವವನೇ ಕೂಗಿ ಹೇಳುತ್ತಾನೆ.

ಬೇಕರ್ ಗೆದ್ದ ಮೇಲೆ ಅಮೆರಿಕದ ನಗರಗಳಲ್ಲಿ ಗಾಬರಿಯೆದ್ದಿತು. ಅಡಿಯ ಲೆಕ್ಕದಲ್ಲಿ ಹಾಕಿದ ಬಿಲ್ಲುಗಳೆಲ್ಲ ಬಿದ್ದುಹೋದರೆ? ಉತ್ತರ ಬಂದದ್ದು ಮಿಸೂರಿ ರಾಜ್ಯದ ಕ್ಯಾನ್ಸಸ್ ಸಿಟಿಯ ಪ್ರಕರಣದಿಂದ. ಅಲ್ಲಿನ ಫಾರೆಸ್ಟ್ ಅವೆನ್ಯೂಗೆ ಡಾಂಬರು ಹಾಕಿದ್ದು ಬಾರ್ಬರ್ ಆಸ್ಫಾಲ್ಟ್ ಎಂಬ ಕಂಪನಿ, ಟ್ರಿನಿಡಾಡ್ ದ್ವೀಪದ ಡಾಂಬರಿನ ಸರೋವರದಿಂದ ಸರಕು ತಂದು ದೇಶದ ತುಂಬ ರಸ್ತೆ ಮಾಡಿ ಶ್ರೀಮಂತವಾಗಿದ್ದ ಕಂಪನಿ. ಅಲ್ಲಿನ ಏರ್ಪಾಡು ಇನ್ನೂ ಸ್ವಾರಸ್ಯದ್ದು: ನಗರ ಗುತ್ತಿಗೆದಾರನಿಗೆ ಹಣ ಕೊಡುವುದಿಲ್ಲ, ಮಾಲೀಕರ ಹೆಸರಿಗೆ ಬರೆದ ತೆರಿಗೆ ಬಿಲ್ಲುಗಳನ್ನು ಕೊಡುತ್ತದೆ. ವಸೂಲಿ ಮಾಡಿಕೊಳ್ಳುವುದು, ಕೊಡದವರ ಮೇಲೆ ದಾವೆ ಹೂಡುವುದು ಗುತ್ತಿಗೆದಾರನ ಪಾಡು. ನಗರದ ಕಿಸೆಯಿಂದ ಒಂದು ಸೆಂಟೂ ಇಲ್ಲ. ಮಾಲೀಕರು ನಾರ್ವುಡ್ ತೀರ್ಪನ್ನು ಎತ್ತಿ ಹಿಡಿದರು. 1901ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟ್, ಬೇಕರ್ ಅವರದು ವಿಶೇಷ ಸಂದರ್ಭ, ಸಾಮಾನ್ಯವಾಗಿ ಅಡಿಯ ಲೆಕ್ಕ ನಡೆಯುತ್ತದೆ ಎಂದಿತು. ಹಾರ್ಲನ್ ಈ ಸಲ ಭಿನ್ನಮತ ಬರೆದವರ ಸಾಲಿನಲ್ಲಿದ್ದರು. ಎರಡೂವರೆ ವರ್ಷಕ್ಕೆ ಲಾಭದ ಅಳತೆ ಮತ್ತೆ ಮೂಲೆ ಸೇರಿತು.

ಅಮೆರಿಕದ ಮುಂದಿನ ಕಥೆ ಚಿಕ್ಕದು. 1920ರ ದಶಕದಲ್ಲಿ ಭೂವ್ಯಾಪಾರಿಗಳು ಊರಾಚೆ ಲೇಔಟ್ ಮಾಡಿ, ಈ ಶುಲ್ಕದ ಭರವಸೆಯ ಮೇಲೆ ಊರಿಂದ ಸಾಲ ಎತ್ತಿಸಿ ರಸ್ತೆ ಮಾಡಿಸಿದರು. ಷಿಕಾಗೊದ ಪಕ್ಕದ, ಇಂದು ಸ್ಕೋಕಿ ಎನ್ನುವ ಊರಿನಲ್ಲಿ ಕಾಲುದಾರಿ, ದೀಪದ ಕಂಬ ಎಲ್ಲ ಬಂದವು, ಮನೆಗಳು ಬರಲಿಲ್ಲ. 1929ರ ನಂತರ ಶುಲ್ಕ ಕಟ್ಟುವವರೇ ಇಲ್ಲವಾದರು. ಅಂಥ ಎಷ್ಟೋ ಊರುಗಳು ಸಾಲ ತೀರಿಸಲಾಗದೆ ಕೂತವು. ಎರಡನೇ ಮಹಾಯುದ್ಧದ ಮೇಲೆ, ರಸ್ತೆ-ಚರಂಡಿಯನ್ನು ಲೇಔಟ್ ಮಾಡುವವನೇ ಮಾಡಿ ಕೊಡಲಿ, ಸೈಟಿನ ಬೆಲೆಯಲ್ಲಿ ಸೇರಿಸಿಕೊಳ್ಳಲಿ ಎಂಬ ಪದ್ಧತಿ ಬಲವಾಯಿತು. ಹಳೆಯ ಶುಲ್ಕ ಅಲ್ಲಲ್ಲಿ ಇನ್ನೂ ಉಳಿದಿದೆ.

ಈಗ ಮುಂಬೈಗೆ ಬರೋಣ. ಬೇಕರ್ ಗೆದ್ದ ಅದೇ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಎರಡು ವರ್ಷಗಳ ಹಿಂದೆ ಪ್ಲೇಗು ಬಂದು ಊರು ಅರ್ಧ ಖಾಲಿಯಾಗಿತ್ತು. ಗಾಳಿ ಆಡದ ಗಲ್ಲಿಗಳನ್ನು ಸೀಳಿ ಅಗಲದ ರಸ್ತೆ ಮಾಡಬೇಕಿತ್ತು. ಹಣ ಯಾರದು? ಅಂಚಿನವರೇ ಮಾಡಿಸಬೇಕು ಎಂಬ ಇಂಗ್ಲಿಷ್ ತತ್ವ ಮುಂಬೈ ಕಾನೂನಿನಲ್ಲಿ ಆಗಲೇ ಇತ್ತು. 1888ರ ಮುನಿಸಿಪಲ್ ಕಾಯ್ದೆಯಂತೆ, ಖಾಸಗಿ ಬೀದಿಯೊಂದಕ್ಕೆ ಜಲ್ಲಿ, ಚರಂಡಿ, ದೀಪ ಇಲ್ಲದಿದ್ದರೆ ಅದಕ್ಕೆ ಮುಖ ಮಾಡಿರುವ ಮಾಲೀಕರೇ ಅದನ್ನು ಸರಿಮಾಡಬೇಕೆಂದು ಕಮಿಷನರ್ ನೋಟಿಸು ಕೊಡಬಹುದು. ಆದರೆ ಹಳೆಯ ಊರಿನ ನಡುವೆ ಹೊಸ ರಸ್ತೆ ಕೊರೆಯಲು ಅದು ಸಾಲದು. ಟ್ರಸ್ಟ್ ಇನ್ನೊಂದು ದಾರಿ ಹಿಡಿಯಿತು. ರಸ್ತೆಗೆ ಬೇಕಾದ ಪಟ್ಟಿಯನ್ನು ಮಾತ್ರವಲ್ಲ, ಅದರ ಎರಡೂ ಬದಿಯ ಜಾಗವನ್ನೂ ಸ್ವಾಧೀನ ಮಾಡಿಕೊಳ್ಳುವುದು, ರಸ್ತೆಯಾದ ಮೇಲೆ ಏರಿದ ಬೆಲೆಗೆ ಅಂಚಿನ ಸೈಟುಗಳನ್ನು ಗುತ್ತಿಗೆಗೆ ಕೊಡುವುದು. ಲಾಭವನ್ನು ಅಳೆಯುವ ತಲೆನೋವೇ ಬೇಡ, ಲಾಭ ಬರುವ ನೆಲವೇ ತನ್ನದು! ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹೀಗೆ ಬಂದವು. ಊರಾಚೆಯ ದಾದರ್, ಮಾಟುಂಗಾ, ಸಯಾನ್ ಕಡೆಯ ಖಾಲಿ ನೆಲದಲ್ಲಿ ಇದು ಸೊಗಸಾಗಿಯೇ ನಡೆಯಿತು. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆಂದು ಮಾಟುಂಗಾದಲ್ಲಿ ನಡೆದಾಡುವ ಮುಂಬೈ ಓದುಗರು ಆ ನೆರಳು ತುಂಬಿದ ನೆಟ್ಟಗಿನ ರಸ್ತೆಗಳನ್ನು ಬಲ್ಲರು. ಹಳೆಯ ಊರಿನೊಳಗೆ ಮಾತ್ರ ಇದರ ಬೆಲೆ ತೆತ್ತವರು ಬಾಡಿಗೆಯವರು. ಕೆಡವಿದ್ದು ಬೇಗ, ಕಟ್ಟಿಕೊಟ್ಟದ್ದು ನಿಧಾನ. ಎಬ್ಬಿಸಲ್ಪಟ್ಟವರು ಪಕ್ಕದ ಗಲ್ಲಿಗಳಿಗೇ ತುಂಬಿಕೊಂಡರು. 1933ರಲ್ಲಿ ಟ್ರಸ್ಟ್ ಮುನಿಸಿಪಾಲಿಟಿಯೊಳಗೆ ಕರಗಿತು.

ಅಷ್ಟರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಇನ್ನೊಂದು ಪ್ರಯೋಗ ಶುರುವಾಗಿತ್ತು. ನನ್ನ ಮಟ್ಟಿಗೆ ಇದೇ ಈ ಚರಿತ್ರೆಯ ಅತ್ಯಂತ ಬುದ್ಧಿವಂತ ಘಟ್ಟ. ಜರ್ಮನಿಯ ಫ್ರಾಂಕ್‌ಫರ್ಟಿನ ಮೇಯರ್ ಅಡಿಕೆಸ್ ಹಟ ಹಿಡಿದು 1902ರಲ್ಲಿ ಒಂದು ಕಾನೂನು ಮಾಡಿಸಿದ್ದರು: ಅಂಕುಡೊಂಕಾದ ಹೊಲಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆಗೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಚೊಕ್ಕ ಸೈಟುಗಳಾಗಿ ಅದೇ ಮಾಲೀಕರಿಗೆ ಮರುಹಂಚುವುದು. 1915ರ ಬಾಂಬೆ ಟೌನ್ ಪ್ಲಾನಿಂಗ್ ಕಾಯ್ದೆ ಅದೇ ಜಾಡಿನದು. ಇದರಲ್ಲಿ ಪ್ರತಿ ಮಾಲೀಕನಿಗೂ ಒಂದು ಸಾಲಿನ ಲೆಕ್ಕ. ನಿನ್ನ ಮೂಲ ತುಂಡು ಇಷ್ಟು, ಈಗ ಸಿಕ್ಕ ಅಂತಿಮ ಸೈಟು ಇಷ್ಟು. ಕಳೆದುಕೊಂಡ ನೆಲಕ್ಕೆ ಪರಿಹಾರ ಇಷ್ಟು, ಏರಿದ ಬೆಲೆಗೆ ನೀನು ಕೊಡಬೇಕಾದದ್ದು ಇಷ್ಟು. ಕೂಡಿ ಕಳೆದು ಕೊಡುವುದೋ ಪಡೆಯುವುದೋ ಇಷ್ಟು. ಬಾಂದ್ರಾ, ಸಾಂತಾಕ್ರೂಜ್, ವಿಲೆಪಾರ್ಲೆ ಕಡೆ ಮನೆ ಕೊಂಡವರ ಪತ್ರಗಳಲ್ಲಿ ‘ಟಿಪಿಎಸ್’, ‘ಎಫ್.ಪಿ. ನಂಬರ್’ ಎಂದಿರುತ್ತದಲ್ಲ, ಅದು ಆ ಲೆಕ್ಕದ ಪಳೆಯುಳಿಕೆ: ಟೌನ್ ಪ್ಲಾನಿಂಗ್ ಸ್ಕೀಮು, ಫೈನಲ್ ಪ್ಲಾಟು.

ಗಮನಿಸಿ, ಬೇಕರ್‌ಗೆ ಆದದ್ದೂ ಇದೇ: ಒಂದು ಕೈಯಲ್ಲಿ ಪರಿಹಾರ, ಇನ್ನೊಂದು ಕೈಯಲ್ಲಿ ಬಿಲ್ಲು. ಆದರೆ ಇಲ್ಲಿ ನಡುವೆ ಒಬ್ಬ ಮಧ್ಯಸ್ಥಗಾರ ಕೂರುತ್ತಾನೆ, ಮಾಲೀಕರ ತಕರಾರು ಕೇಳುತ್ತಾನೆ, ಒಂದೊಂದೇ ಸೈಟಿನ ಬೆಲೆ ಎಷ್ಟು ಏರುತ್ತದೆಂದು ಅಂದಾಜು ಮಾಡುತ್ತಾನೆ. ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂಬ ಮಿತಿಯೂ ಇದೆ. 1954ರ ಬಾಂಬೆ ಕಾಯ್ದೆಯೂ 1966ರ ಮಹಾರಾಷ್ಟ್ರ ಕಾಯ್ದೆಯೂ ಆ ಅರ್ಧವನ್ನು ಉಳಿಸಿಕೊಂಡವು.

ಕೊನೆಗೂ ಲಾಭವನ್ನು ಅಳೆದರು ಎನ್ನಬಹುದೇ? ಅಳೆದರು, ಆದರೆ ಗಡಿಯಾರ ನಿಲ್ಲಿಸಿ. ಕಾನೂನಿನ ಪ್ರಕಾರ ಏರಿಕೆಯನ್ನು ಲೆಕ್ಕ ಹಾಕಬೇಕಾದದ್ದು ಯೋಜನೆ ಮುಗಿದ ದಿನದ ಬೆಲೆಯಲ್ಲಿ ಅಲ್ಲ, ಯೋಜನೆ ಮಾಡುತ್ತೇವೆಂದು ಘೋಷಿಸಿದ ದಿನದ ಬೆಲೆಯಲ್ಲಿ. ಅಂದು ಈ ರಸ್ತೆ ಇದ್ದಿದ್ದರೆ ಈ ಸೈಟಿನ ಬೆಲೆ ಎಷ್ಟಿರುತ್ತಿತ್ತು, ಇಲ್ಲದೆ ಎಷ್ಟಿತ್ತು ಎಂಬ ಊಹೆಯ ವ್ಯತ್ಯಾಸ. ಯೋಜನೆ ಐದು ವರ್ಷದಲ್ಲಿ ಮುಗಿದರೆ ಇದು ನ್ಯಾಯ. ಆದರೆ ಇಂಥ ಯೋಜನೆಗಳು ದಶಕಗಟ್ಟಲೆ ಎಳೆದವು. ಅಷ್ಟರಲ್ಲಿ ಬೆಲೆಗಳು ಎಲ್ಲಿಗೋ ಹೋದವು, ಶುಲ್ಕ ಮಾತ್ರ ಹಳೆಯ ರೂಪಾಯಿಯಲ್ಲೇ ಉಳಿಯಿತು. ಅಂತಿಮ ಸೈಟು ಸಿಕ್ಕವನಿಗೆ ಅದು ಚಿಲ್ಲರೆ ಕಾಸು. ಕತ್ತಿಯ ಇನ್ನೊಂದು ಅಲಗು ನೆಲ ಕಳೆದುಕೊಂಡವನ ಕಡೆ: ಅವನ ಪರಿಹಾರವೂ ಘೋಷಣೆಯ ದಿನದ ಬೆಲೆಯಲ್ಲೇ. ಅಹಮದಾಬಾದಿನ ಅಂಥ ಮಾಲೀಕರೊಬ್ಬರು ಇದನ್ನು ಪ್ರಶ್ನಿಸಿದರು. ಗುಜರಾತ್ ಹೈಕೋರ್ಟ್ ಅವರ ಪರ ನಿಂತಿತು. 1969ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಕಾಯ್ದೆಯನ್ನೇ ಎತ್ತಿ ಹಿಡಿಯಿತು. ಒಂದೇ ನಿಂತ ಗಡಿಯಾರ ಸೈಟು ಸಿಕ್ಕವನಿಗೆ ಲಾಭ, ಪೂರ್ತಿ ನೆಲ ಹೋದವನಿಗೆ ನಷ್ಟ.

ಉಳಿದ ನಗರಗಳು ತಮ್ಮ ತಮ್ಮ ದಾರಿ ಹಿಡಿದವು. ಮದ್ರಾಸಿನಲ್ಲಿ 1920ರ ಟೌನ್ ಪ್ಲಾನಿಂಗ್ ಕಾಯ್ದೆ ಬಂತು. ದಿಲ್ಲಿಯಲ್ಲಿ 1937ರಲ್ಲಿ ಮುಂಬೈ ಮಾದರಿಯ ಟ್ರಸ್ಟ್ ಬಂತು. ಹೈದರಾಬಾದಿನಲ್ಲಿ 1908ರ ಮೂಸಿ ಪ್ರವಾಹದ ಮೇಲೆ ವಿಶ್ವೇಶ್ವರಯ್ಯನವರು ಪ್ರವಾಹ ತಡೆಯ ಯೋಜನೆ ಕೊಟ್ಟರು, 1912ರಲ್ಲಿ ನಗರ ಸುಧಾರಣಾ ಮಂಡಳಿ ಶುರುವಾಯಿತು. ಅಲ್ಲಿ ನಿಜಾಮರ ಬೊಕ್ಕಸವಿತ್ತು.

ಬೆಂಗಳೂರಿನ ಕಾನೂನಿನಲ್ಲೂ ಲಾಭದ ಅಳತೆ ಇದೆ, ಅದೂ ಸ್ಪಷ್ಟ ಮಾತಿನಲ್ಲಿ. 1976ರ ಬಿಡಿಎ ಕಾಯ್ದೆಯ 20ನೇ ಕಲಮಿನ ಪ್ರಕಾರ, ಪ್ರಾಧಿಕಾರದ ಯೋಜನೆಯಿಂದ ಅದು ಸ್ವಾಧೀನ ಮಾಡಿಕೊಳ್ಳದ ಪಕ್ಕದ ನೆಲದ ಬೆಲೆ ಏರಿದರೆ, ಕಟ್ಟಡ ಬಿಟ್ಟು ಬರೀ ನೆಲದ ಬೆಲೆ ಯೋಜನೆಗೆ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು ಎಂದು ನೋಡಿ, ಆ ಏರಿಕೆಯ ಮೂರನೇ ಒಂದು ಭಾಗವನ್ನು ಬೆಟರ್‌ಮೆಂಟ್ ತೆರಿಗೆಯಾಗಿ ಕೇಳಬಹುದು. ನಾರ್ವುಡ್ ತೀರ್ಪು ಬರೆದ ಹಾರ್ಲನ್ ಓದಿದ್ದರೂ ತಲೆದೂಗುತ್ತಿದ್ದರು.

ಆದರೆ ನಾವು ನೀವು ‘ಬೆಟರ್‌ಮೆಂಟ್’ ಎನ್ನುವಾಗ ಹೇಳುತ್ತಿರುವುದು ಇದನ್ನಲ್ಲ. ನಾವು ಹೇಳುವುದು ಕಂದಾಯ ಜಮೀನಿನಲ್ಲಿ ಎದ್ದ ಲೇಔಟುಗಳ ಸೈಟಿಗೆ ಪಾಲಿಕೆ ಖಾತೆ ಮಾಡಿಕೊಡುವಾಗ ಚದರ ಮೀಟರಿಗೆ ಇಷ್ಟು ಎಂದು ಕಟ್ಟಿಸಿಕೊಂಡದ್ದನ್ನು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಪಾಲಿಕೆಯಾದಾಗ ಅಂಥ ಸೈಟುಗಳ ದೊಡ್ಡ ರಾಶಿಯೇ ಒಳಗೆ ಬಂತು. ಇಲ್ಲಿ ಏರಿಕೆಯನ್ನು ಯಾರೂ ಅಳೆಯುವುದಿಲ್ಲ. ಷಿಕಾಗೊದ ಟೇಪು ಕಡೇಪಕ್ಷ ಒಂದು ಗೊತ್ತಾದ ಬೀದಿಯ, ಮಾಡಿ ಮುಗಿಸಿದ ಕೆಲಸದ ಖರ್ಚನ್ನು ಹಂಚುತ್ತಿತ್ತು. ನಮ್ಮ ಟೇಪಿನ ಎದುರು ಬೀದಿಯೇ ಇಲ್ಲ, ಸೈಟು ಮಾತ್ರ ಇದೆ. ಚರಂಡಿ ಬರುವ ಮೊದಲೇ ಶುಲ್ಕ ಕಟ್ಟಿ, ಚರಂಡಿಗಾಗಿ ವರ್ಷಗಟ್ಟಲೆ ಕಾದ ಬಡಾವಣೆಗಳು ಎಷ್ಟೋ ಇವೆ. ಆದರೂ ಜನ ಸಾಲ ಮಾಡಿ ಕಟ್ಟಿದರು, ಯಾಕೆಂದರೆ ಕಟ್ಟಿದವರಿಗೆ ಸಿಗುವುದು ರಸ್ತೆಯಲ್ಲ, ಖಾತೆ. ಖಾತೆ ಸಿಕ್ಕರೆ ಬ್ಯಾಂಕು ಸಾಲ ಕೊಡುತ್ತದೆ, ಸೈಟಿನ ಬೆಲೆ ಏರುತ್ತದೆ. ಹಾಗೆ ನೋಡಿದರೆ ಬೆಟರ್ ಆಯಿತು ನಿಜವೇ. ಆದರೆ ಅದು ಜಲ್ಲಿ-ಡಾಂಬರಿನಿಂದ ಆದದ್ದಲ್ಲ, ಒಂದು ಮುದ್ರೆಯಿಂದ.